ಮಿಲ್ಲಿನ ಗೋಡೆಗೆ ಕೊನೆಯ ಸುಣ್ಣ

ನಿಮ್ಮ ಮನೆಯ ಗೋಡೆಯ ಮೇಲೆ ಮನುಷ್ಯರೇ ಇಲ್ಲದ ಫೋಟೋ ಒಂದಾದರೂ ಇದೆಯೇ, ಹೇಳಿ ನೋಡೋಣ? ದೇವರ ಪಟಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕ್ಯಾಲೆಂಡರಿನ ಹಿಮದ ಬೆಟ್ಟಗಳನ್ನೂ ಹಿಡಿಯಬೇಡಿ. ಕಟ್ಟು ಹಾಕಿಸಿ, ಗಾಜು ಕೂರಿಸಿ, ಮೊಳೆ ಹೊಡೆದು ತೂಗುಹಾಕಿದ್ದಾಗಿರಬೇಕು. ಅದರೊಳಗೆ ಮದುಮಗಳೂ ಇರಬಾರದು, ತೊಟ್ಟಿಲ ಮಗುವೂ ಇರಬಾರದು, ಕಾಲವಾದ ಹಿರಿಯರಂತೂ ಇರಲೇಬಾರದು. ಇಲ್ಲ ತಾನೆ? ನನ್ನ ಮನೆಯಲ್ಲಿದೆ. ಅಡುಗೆಮನೆಯಿಂದ ನಡುಮನೆಗೆ ಬರುವ ಬಾಗಿಲ ಪಕ್ಕ, ಕಾಫಿಪುಡಿ ಡಬ್ಬಿಗಳ ಹಲಗೆಗಿಂತ ಒಂದು ಗೇಣು ಮೇಲೆ. ಅದರಲ್ಲಿ ಇರುವುದು ಒಂದು ಹೊಳೆ, ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಹೆಂಚು ಜಾರಿದ ಹಳೆಯ ಮಿಲ್ಲು. ಅಷ್ಟೆ.

ಬಂದ ನೆಂಟರೆಲ್ಲ ಅದರ ಮುಂದೆ ನಿಲ್ಲುತ್ತಾರೆ. ದೂರದಿಂದ ನೋಡುತ್ತಾರೆ, ಹತ್ತಿರ ಬಂದು ನೋಡುತ್ತಾರೆ, ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಇಳಿಸಿ ನೋಡುತ್ತಾರೆ, ಯಾವುದಾದರೂ ಮೂಲೆಯಲ್ಲಿ ನಮ್ಮ ಮನೆತನದ ಒಂದು ಮೂಗಾದರೂ ಸಿಕ್ಕೀತೇ ಎಂದು ಹುಡುಕುತ್ತಾರೆ. ಒಬ್ಬರು ಬೀಗಿತ್ತಿ ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, "ಇದ್ರಲ್ಲಿ ತೀರ್ಕೊಂಡಿದ್ದು ಯಾರು?" ಎಂದು ಕೇಳಿದ್ದರು. ನನ್ನ ಸೊಸೆ ಹೊಸದಾಗಿ ಮನೆ ತುಂಬಿದ ವರ್ಷ ಮಹಾಲಯ ಅಮಾವಾಸ್ಯೆಯ ದಿನ ನನ್ನ ಮಾವ, ನನ್ನ ಅತ್ತೆ, ಅಜ್ಜ ಎಂದು ಒಬ್ಬೊಬ್ಬರ ಫೋಟೋಕ್ಕೂ ಹೂ ಹಾಕುತ್ತ ಬಂದವಳು ಇದಕ್ಕೂ ಒಂದು ಸೇವಂತಿಗೆ ಮಾಲೆ ಹಾಕಿಬಿಟ್ಟಳು. ಆಮೇಲೆ ನೋಡಿ ನಾಲಿಗೆ ಕಚ್ಚಿಕೊಂಡಳು. ನಾನು ತೆಗೆಯಬೇಡ ಎಂದೆ. ಹೂವು ತಪ್ಪಿ ಬಿದ್ದಿದ್ದರೂ ಸರಿಯಾದ ಜಾಗಕ್ಕೇ ಬಿದ್ದಿತ್ತು.

ಇದನ್ನೆಲ್ಲ ನಾನು ಫೋನಿನ ಗಾಜಿನ ಮೇಲೆ ಬೆರಳಿಟ್ಟು ಬರೆಯುತ್ತಿದ್ದೇನೆ ಎಂದರೆ ನೀವು ನಗಬಹುದು. ಮೊಮ್ಮಗಳು ಕಲಿಸಿಕೊಟ್ಟಳು. "ಅಜ್ಜಿ, ಒತ್ತಬೇಡ, ಮುಟ್ಟಿದ್ರೆ ಸಾಕು" ಎನ್ನುತ್ತಾಳೆ; ಜೀವಮಾನವೆಲ್ಲ ಹಿಟ್ಟು ನಾದಿದ ಬೆರಳಿಗೆ ಬರೀ ಮುಟ್ಟುವುದು ಹೇಗೆ ಗೊತ್ತಾಗಬೇಕು? ಈಗ ಈ ಫೋನೇ ಫೋಟೋವನ್ನೂ ತೆಗೆಯುತ್ತದೆ. ಮೊಮ್ಮಗಳು ದೋಸೆಯದ್ದು ತೆಗೆಯುತ್ತಾಳೆ, ಬೆಕ್ಕು ಆಕಳಿಸಿದ್ದು ತೆಗೆಯುತ್ತಾಳೆ, ತನ್ನದೇ ಮುಖವನ್ನು ತುಟಿ ಚೂಪು ಮಾಡಿ ತೆಗೆಯುತ್ತಾಳೆ. ತೆಗೆಯಲಿ ಪಾಪ. ಆದರೆ ಒಂದು ಕಾಲದಲ್ಲಿ ಒಂದು ರೀಲು ಎಂದರೆ ಒಂದು ತುಪ್ಪದ ಭರಣಿ ಇದ್ದ ಹಾಗೆ. ನಾಮಕರಣಕ್ಕೆಷ್ಟು, ಗೃಹಪ್ರವೇಶಕ್ಕೆಷ್ಟು ಎಂದು ಅಳೆದು ಖರ್ಚು ಮಾಡಬೇಕಿತ್ತು. ಅಂಥ ಕಾಲದಲ್ಲಿ ನಾನು ಒಂದು ಗೋಡೆಯ ಫೋಟೋ ತೆಗೆದೆ. ಯಾಕೆಂದು ಹೇಳುತ್ತೇನೆ, ಕಾಫಿ ಇದ್ದರೆ ಒಂದು ಲೋಟ ತಂದುಕೊಂಡು ಕೂತುಕೊಳ್ಳಿ.

ಕಳಸದಿಂದ ಮೂಡಿಗೆರೆಗೆ ಬರುವ ದಾರಿಯಲ್ಲಿ ರಸ್ತೆ ಬಿಟ್ಟು ಕೆಳಗಿಳಿದರೆ ನಮ್ಮ ಹೊಳೆ. ಭದ್ರೆಗೆ ಹೋಗಿ ಸೇರುವ ಹತ್ತಾರು ಹೊಳೆಗಳಲ್ಲಿ ಅದೂ ಒಂದು, ನಕಾಶೆಯಲ್ಲಿ ಹೆಸರಿಲ್ಲದ್ದು. ನನ್ನ ಮಾವನವರ ಕಾಲದಲ್ಲಿ ಅದಕ್ಕೆ ಅಡ್ಡಲಾಗಿ ಕಲ್ಲು, ಗಾರೆಯ ಕಟ್ಟೆ ಕಟ್ಟಿಸಿ, ಒಂದು ಕಾಲುವೆ ತೆಗೆಸಿ, ಆ ನೀರಿನಿಂದ ತಿರುಗುವ ಚಕ್ರವೊಂದನ್ನು ಕೂರಿಸಿ ಮಿಲ್ಲು ಮಾಡಿದ್ದರು. ಸುತ್ತಲಿನವರ ಭತ್ತವೆಲ್ಲ ಅಲ್ಲೇ ಅಕ್ಕಿಯಾಗುತ್ತಿತ್ತು. ಒಣಗಿದ ಕಾಫಿ ಚೆರಿಯ ಸಿಪ್ಪೆ ಬಿಡಿಸುವುದಕ್ಕೂ ಒಂದು ಯಂತ್ರವಿತ್ತು. ಚಕ್ರ ತಿರುಗತೊಡಗಿದರೆ ಆಚೆ ಗುಡ್ಡದಲ್ಲಿದ್ದ ನಮ್ಮ ಮನೆಯ ನೆಲುವಿನ ಮೇಲಿನ ಗಡಿಗೆಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಆ ಸದ್ದು ನಿಂತರೆ ಅತ್ತೆ, "ಹಸನ್ ಊಟಕ್ಕೆ ಹೋದ" ಎನ್ನುತ್ತಿದ್ದರು. ನಮ್ಮ ಮನೆಯ ಗಡಿಯಾರ ಅದೇ.

ಹಸನ್ ಸಾಬ್ರು ಆ ಮಿಲ್ಲಿನ ಮೆಕ್ಯಾನಿಕ್ಕು, ಆಪರೇಟರು, ಕಾವಲುಗಾರ, ಎಲ್ಲವೂ. ಎತ್ತರದ ಆಳು, ತಲೆಗೆ ಬಿಳಿ ಟೋಪಿ, ಮೊಣಕೈವರೆಗೆ ಗ್ರೀಸು. ಮಾತು ಕಡಿಮೆ. ಯಂತ್ರಕ್ಕೆ ನೀರು ಬಿಟ್ಟ ಮೇಲೆ ಬಾಗಿಲಿಗೆ ಬಂದು, ಬಲಗೈಯನ್ನು ಬಾಗಿಲ ಪಕ್ಕದ ಗೋಡೆಗೆ ಊರಿ, ಎಡಗೈಯನ್ನು ಹಣೆಗೆ ಮರೆ ಹಿಡಿದು, ಕಟ್ಟೆಯ ಮೇಲೆ ನೀರು ಎಷ್ಟು ಹರಿಯುತ್ತಿದೆ ಎಂದು ನೋಡುವುದು ಅವರ ಅಭ್ಯಾಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಎಷ್ಟು ಸಲವೋ. ಹಾಗಾಗಿ ಸುಣ್ಣ ಬಳಿದ ಆ ಗೋಡೆಯ ಮೇಲೆ, ಬಾಗಿಲ ಎಡಗಡೆ, ಆಳೆತ್ತರದಲ್ಲಿ, ಒಂದು ಕಪ್ಪು ಕಲೆ. ಹತ್ತಿರ ಹೋಗಿ ನೋಡಿದರೆ ಕಲೆಯಲ್ಲ, ಕೈ. ಐದು ಬೆರಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು.

ಪ್ರತಿ ವರ್ಷ ನವರಾತ್ರಿ ಬಂತೆಂದರೆ ಮಿಲ್ಲಿಗೆ ಸುಣ್ಣ. ಆಯುಧಪೂಜೆಯ ದಿನ ಚಕ್ರ ತಿರುಗುವಂತಿಲ್ಲ; ತೂಬಿನ ಹಲಗೆ ಹಾಕಿ ಕಾಲುವೆಗೆ ನೀರು ಬಿಡದೆ ನಿಲ್ಲಿಸಿ, ಬೆಲ್ಟು ಬಿಚ್ಚಿ, ಯಂತ್ರವನ್ನೆಲ್ಲ ತೊಳೆದು ಒರೆಸಿ, ಸ್ಪ್ಯಾನರುಗಳನ್ನು ಬಾಳೆಎಲೆಯ ಮೇಲೆ ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿಡುತ್ತಿದ್ದವರು ಹಸನ್ ಸಾಬ್ರೇ. ಕುಂಕುಮ ಹಚ್ಚುವುದು, ಬೂದುಗುಂಬಳ ಒಡೆಯುವುದು ಮಾವನವರದ್ದು. ಪೂಜೆ ಮುಗಿದು ಕಡಲೆಪುರಿ ಹಂಚುವಾಗ ಮಾವನವರು ಆ ಹೊಸ ಬಿಳಿ ಗೋಡೆಯನ್ನು ತೋರಿಸಿ ಪ್ರತಿ ವರ್ಷವೂ ಅದೇ ಮಾತು ಹೇಳುತ್ತಿದ್ದರು: "ಹಸನ್, ಈ ವರ್ಷ ಆದ್ರೂ ಗೋಡೆ ಮುಟ್ಟಬೇಡ ಮಾರಾಯ."

ಅವರೂ ಪ್ರತಿ ವರ್ಷ ಅದೇ ಉತ್ತರ ಕೊಡುತ್ತಿದ್ದರು: "ನಾನೆಲ್ಲಿ ಮುಟ್ತೇನೆ ಗೌಡ್ರೆ? ಅದೇ ಬಂದು ಕೈಗೆ ತಾಗ್ತದೆ."

ದೀಪಾವಳಿಯ ಹಣತೆ ಹಚ್ಚುವ ಹೊತ್ತಿಗೆ ಕೈ ಮತ್ತೆ ಗೋಡೆಯ ಮೇಲೆ ಹಾಜರು.

ಇದೇ ಹಸನ್ ಸಾಬ್ರು ಫೋಟೋಕ್ಕೆ ಮಾತ್ರ ಸಿಗುತ್ತಿರಲಿಲ್ಲ. ಧರ್ಮದ ಮಾತಿರಬಹುದು, ನಾಚಿಕೆಯಿರಬಹುದು, ನಾನು ಕೆದಕಿ ಕೇಳಿದವಳಲ್ಲ. ಆದರೆ ಸಿಕ್ಕಿಸಬೇಕೆಂದು ಪ್ರಯತ್ನಪಟ್ಟವಳು ಹೌದು. ನನ್ನ ತಮ್ಮ ಕೊಟ್ಟುಹೋದ ಕ್ಯಾಮೆರಾ ಕೈಗೆ ಬಂದ ಮೇಲೆ ನನಗೆ ಅದೊಂದು ಆಟವೇ ಆಗಿತ್ತು. ಕಾಫಿ ಕೊಯ್ಲು ಮುಗಿದ ದಿನ ಎಲ್ಲರನ್ನೂ ಕಣದಲ್ಲಿ ಸಾಲಾಗಿ ನಿಲ್ಲಿಸಿದರೆ ಅವರಿಗೆ ಸರಿಯಾಗಿ ಆಗಲೇ ತೂಬಿನ ಹಲಗೆಯ ನೆನಪಾಗುತ್ತಿತ್ತು. ಭತ್ತದ ಮೂಟೆಯ ಹಿಂದೆ ಅವಿತು ಕೂತು ಕಾದಿದ್ದೇನೆ. ಬೆಲ್ಟು ಜಾರದಿರಲೆಂದು ರಾಳ ಹಚ್ಚುತ್ತಿದ್ದವರು ತಲೆ ಎತ್ತದೆಯೇ, "ಅಮ್ಮ, ಅಲ್ಲಿ ಚೇಳು ಉಂಟು" ಎಂದಿದ್ದರು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಚೇಳು ಇರಲಿಲ್ಲ ಎಂದು ಈಗಲೂ ನನ್ನ ಅನುಮಾನ. ಓಟಿನ ಗುರುತಿನ ಚೀಟಿಗೆ ಮಾತ್ರ ಎಲ್ಲರಂತೆ ಅವರೂ ಸ್ಕೂಲಿನ ಬೆಂಚಿನ ಮೇಲೆ ಕೂರಲೇಬೇಕಾಯಿತು. ಅದೇನು ಮಾಯೆಯೋ, ಚೀಟಿ ಬಂದಾಗ ಅದರಲ್ಲಿ ಮುಖದ ಜಾಗದಲ್ಲಿ ಬರೀ ಮಸಿ, ಮಸಿಯ ಮೇಲೊಂದು ಬಿಳಿ ಟೋಪಿ.

ತೊಂಬತ್ತರ ದಶಕದ ಮೊದಲಲ್ಲೇ ರಸ್ತೆಯ ಮೇಲೆ ಕರೆಂಟಿನ ಮಿಲ್ಲು ಬಂತು, ನಮ್ಮದು ನಿಂತಿತು. ಕೊನೆಯ ನವರಾತ್ರಿಯ ಸುಣ್ಣದ ಮೇಲೆ ಕೈ ಮೂಡಿದ ಸ್ವಲ್ಪ ಕಾಲಕ್ಕೇ ನಿಂತದ್ದು; ಹಾಗಾಗಿ ಆಮೇಲೆ ಅದನ್ನು ಯಾರೂ ಬಳಿಯಲಿಲ್ಲ. ಕೆಲವು ವರ್ಷದ ಮೇಲೆ ಹಸನ್ ಸಾಬ್ರು ಹೋದರು. ಅವರ ಹೆಂಡತಿ ಜೈನಾಬಿ, ನನ್ನ ವಾರಿಗೆಯವಳು, ಕುದುರೆಮುಖದ ಗಣಿಯಲ್ಲಿ ಕೆಲಸಕ್ಕಿದ್ದ ಮಗನ ಕ್ವಾರ್ಟರ್ಸಿಗೆ ಹೋದಳು. ಇತ್ತ ನಮ್ಮಲ್ಲಿ ಪಾಲಾಯಿತು. ಹೊಳೆಬದಿ ಮೈದುನನ ಪಾಲಿಗೆ ಹೋಗಿ, ಅವನು ಅದನ್ನು ಮಾರಿ, ಕೊಂಡವರು ಮಿಲ್ಲು ಕೆಡವಿ ಪ್ರವಾಸಿಗರಿಗೆ ಕಾಟೇಜು ಕಟ್ಟುತ್ತಾರೆಂಬ ಸುದ್ದಿ ಹಬ್ಬಿತು. ಸುದ್ದಿ ಕೇಳಿ ನನಗೆ ಬೇಸರವಾಯಿತು, ಆದರೆ ಊಟ ಬಿಡುವಷ್ಟಲ್ಲ. ಅದರ ಹಿಂದೆಯೇ ಕುದುರೆಮುಖದ ಬಸ್ಸಿನಿಂದ ಜೈನಾಬಿ ಇಳಿದಳು.

ಜಗಲಿಯಲ್ಲಿ ಕೂತು, ಕೊಟ್ಟ ಕಾಫಿಯನ್ನು ಆರಲು ಬಿಟ್ಟು, ಕೇಳಿದಳು: "ಅಮ್ಮಾ, ನಿಮ್ಮ ಕ್ಯಾಮೆರಾ ಉಂಟಲ್ಲ, ಮಿಲ್ ಬೀಳಿಸೋ ಮೊದ್ಲು ಅದ್ರದ್ದೊಂದು ಪಟ ತೆಗ್ದು ಕೊಡ್ತೀರಾ? ದೊಡ್ಡದು, ಗೋಡೆಗೆ ಹಾಕುವಂಥದ್ದು."

"ಮಿಲ್ಲಿಂದಾ? ಎಂತಕ್ಕೆ ಮಾರಾಯ್ತಿ?"

"ಇವ್ರ ಪಟ ಇಲ್ಲ ಅಲ್ವಾ."

ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಇರಬೇಕಾದ ದಾರಿಯನ್ನು ಅವಳು ಹೇಳಲಿಲ್ಲ. ಹೇಳುವ ಅಗತ್ಯವಿದೆಯೆಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ. "ಮೊಮ್ಮಕ್ಳು ಕೇಳ್ತಾವೆ, ಅಜ್ಜ ಹೇಗಿದ್ರು ಅಂತ. ಎಂತ ತೋರ್ಸ್ಲಿ? ಆ ಚೀಟಿ ತೋರ್ಸಿದ್ರೆ, ಅಜ್ಜ ಟೋಪಿ ಆಗಿದ್ರಾ ಅಂತ ಕೇಳ್ತಾವೆ."

ನಾನು ನಕ್ಕೆ. ಅವಳೂ ನಕ್ಕಳು. ನಕ್ಕು ಮುಗಿದ ಮೇಲೆ ಅವಳು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದಳು.

ದೀಪಾವಳಿ ಆಗಿ ನಾಲ್ಕಾರು ದಿನ ಕಳೆದಿತ್ತು. ನಮ್ಮ ಕಡೆಯ ಶರದೃತುವನ್ನು ನೀವು ನೋಡಿದ್ದೀರೋ ಇಲ್ಲವೋ; ಮಲೆನಾಡೆಂದರೆ ಮಳೆಯೆಂದೇ ನಂಬಿದವರು ಅದನ್ನು ನೋಡುವುದೇ ಇಲ್ಲ. ಆಗ ಆಕಾಶ ತೊಳೆದು ಬೋರಲು ಹಾಕಿದ ಬಟ್ಟಲಿನ ಹಾಗಿರುತ್ತದೆ. ಕಾಫಿಕಾಯಿ ಇನ್ನೂ ಹಸಿರು ಬಿಟ್ಟಿರುವುದಿಲ್ಲ, ಕೆಂಪು ಹಿಡಿದಿರುವುದಿಲ್ಲ, ಏನು ಮಾಡಲಿ ಎಂದು ಯೋಚಿಸುತ್ತಿರುವವರ ಮುಖದ ಹಾಗೆ ಅರೆಹಳದಿ. ಹೊಳೆಯ ಕೆಂಪು ಇಳಿದು, ಸೊಕ್ಕೂ ಇಳಿದು, ತಳದ ಕಲ್ಲು ಕಾಣುವಷ್ಟು ತಿಳಿಯಾಗಿ, ಕಟ್ಟೆಯ ಮೇಲಿಂದ ಒಂದೇ ತೆಳುವಾದ ಬಿಳಿ ಪಂಚೆಯಾಗಿ ಇಳಿಯುತ್ತಿತ್ತು. ಕಟ್ಟೆಗಲ್ಲಿನ ಸಂದುಗಳಲ್ಲಿ ಕಾಡು ಕರ್ಣಕುಂಡಲದ ಗುಲಾಬಿ ಬಣ್ಣದ ಹೂ ಕೂತಿತ್ತು. ಚಕ್ರದ ಅರ್ಧ ರೆಕ್ಕೆಗಳು ಕೊಳೆತು ಬಿದ್ದಿದ್ದವು. ಉಳಿದ ಅರ್ಧದ ಮೇಲೆ ಜರೀಗಿಡ ಬೆಳೆದು, ಅದು ತಾನು ಚಕ್ರ ಎಂಬುದನ್ನೇ ಮರೆತು ಕುಂಡವಾಗಿತ್ತು. ಮಿಲ್ಲಿನ ಬಾಗಿಲ ಹಲಗೆಯನ್ನು ಯಾರೋ ಎಂದೋ ಸೌದೆಗೆ ಒಯ್ದಿದ್ದರು. ಬಾಗಿಲಿದ್ದ ಕಡೆ ನೆಟ್ಟಗೆ ನಿಂತ ಒಂದು ಕತ್ತಲೆ.

ಮುಂದಿನ ಗುಡ್ಡದ ನೆರಳು ಸರಿದು ಬಿಸಿಲು ಮಿಲ್ಲಿನ ಮುಖಕ್ಕೆ ಬೀಳುವುದು ಬೆಳಗಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ರೀಲಿನಲ್ಲಿ ಉಳಿದದ್ದೂ ಸ್ವಲ್ಪವೇ, ಬಾಕಿಯೆಲ್ಲ ತಮ್ಮನ ಮೊಮ್ಮಗಳ ನಾಮಕರಣಕ್ಕೆ ಹೋಗಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂಡೆಯಿಂದ ಬಂಡೆಗೆ ಹಾರುತ್ತ, ಕಟ್ಟೆಯ ನೀರು, ನೀರಿನಲ್ಲಿ ಮಿಲ್ಲಿನ ಪ್ರತಿಬಿಂಬ, ಮೇಲೆ ಆಕಾಶ ಎಲ್ಲ ಒಟ್ಟಿಗೆ ಬರುವ ಜಾಗ ಹುಡುಕುತ್ತಿದ್ದೆ. ಕ್ಯಾಲೆಂಡರಿಗೆ ಹಾಕಿದರೂ ನಾಚಿಕೆಯಾಗಬಾರದು ಎಂಬುದು ನನ್ನ ಆಸೆ. ಜೈನಾಬಿ ನನ್ನ ಹಿಂದೆ ಕೊಡೆ ಹಿಡಿದು ಬರುತ್ತಿದ್ದಳು.

"ಅಮ್ಮಾ, ಬಾಗ್ಲ ಬರ್ತದಾ ಅದ್ರಲ್ಲಿ?"

"ಬರ್ತದೆ ಮಾರಾಯ್ತಿ. ನೀರು ನೋಡು, ಎಷ್ಟು ಚಂದ ಬೀಳ್ತಾ ಉಂಟು."

"ನೀರು ನಾಳೆನೂ ಬೀಳ್ತದೆ. ಬಾಗ್ಲ ಬರ್ತದಾ?"

"ಬರ್ತದೆ ಅಂದ್ನಲ್ಲ! ನೀನೂ ಹೋಗಿ ಅಲ್ಲಿ ನಿಲ್ಲು, ಒಂದು ಜನ ಇದ್ರೆ ಪಟಕ್ಕೆ ಕಳೆ."

"ಅಯ್ಯೋ, ನಾ ಬೇಡ. ನನ್ನ ನೆರಳೂ ಬೀಳ್ಬಾರ್ದು." ಅವಳು ಕೊಡೆ ಮಡಿಸಿ ಬೇಗಬೇಗ ನನ್ನ ಬೆನ್ನ ಹಿಂದೆ ಬಂದಳು. "ಅವ್ರ ಜಾಗದಲ್ಲಿ ನಾ ನಿಂತ್ರೆ ಅವ್ರೆಲ್ಲಿ ನಿಲ್ಲೋದು?"

ಮೊದಲನೆಯದು ತೆಗೆದೆ, ಅದರಲ್ಲಿ ನನ್ನ ಹೆಬ್ಬೆರಳು ಬಂದಿತ್ತೆಂದು ಆಮೇಲೆ ತಿಳಿಯಿತು. ಎರಡನೆಯದರಲ್ಲಿ ಬರೀ ನೀರು. ಮೂರನೆಯದಕ್ಕೆ ಜೈನಾಬಿ ನನ್ನ ಹೆಗಲನ್ನು ಹಿಡಿದು, ಬಾವಿಯಲ್ಲಿ ಬಿಂದಿಗೆಯನ್ನು ಸರಿಯಾಗಿ ಇಳಿಸುವವರ ಹಾಗೆ ನನ್ನನ್ನು ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ತಿರುಗಿಸಿ, "ಈಗ" ಎಂದಳು. ಕಟಕ್ ಎಂದಿತು. ರೀಲು ಗಿರ್ರನೆ ಹಿಂದಕ್ಕೆ ಸುತ್ತಿಕೊಳ್ಳತೊಡಗಿತು, ಮುಗಿಯಿತು ಎಂದು. ಅಷ್ಟರಲ್ಲಿ ಬಿಸಿಲೂ ಸರಿಯಿತು.

ಅಲ್ಲಿಂದ ಮೂಡಿಗೆರೆಯ ಸ್ಟುಡಿಯೋ. ಸ್ಟುಡಿಯೋದವರು ಒಳ್ಳೆಯ ಮನುಷ್ಯರು, ಆಗಷ್ಟೇ ಕಂಪ್ಯೂಟರು ತರಿಸಿದ್ದರು, ಮದುವೆಯ ಹೆಣ್ಣುಗಳ ಮುಖದ ಮೊಡವೆ ತೆಗೆಯುವುದರಲ್ಲಿ ಆ ಕಡೆಗೆಲ್ಲ ಹೆಸರು ಮಾಡಿದ್ದರು. ಮಿಲ್ಲಿನದ್ದನ್ನು ದೊಡ್ಡದು ಮಾಡಿ ಎರಡು ಪ್ರತಿ ಕೊಡಿ, ಒಂದು ನನಗೂ ಇರಲಿ ಎಂದೆ. ಮದುವೆಯ ಕೆಲಸ ತುಂಬಾ ಇದೆ ಎಂದು ಇವತ್ತು ನಾಳೆ ಎಂದು ದೂಡಿದರು. ಅಷ್ಟರೊಳಗೆ ಹೊಳೆಬದಿಗೆ ಜೆಸಿಬಿ ಇಳಿಯಿತು. ಮಿಲ್ಲು ಬಿದ್ದದ್ದು ನಾನು ನೋಡಲಿಲ್ಲ, ಸದ್ದು ಮಾತ್ರ ಕೇಳಿದೆ. ಅಟ್ಟದಲ್ಲಿ ಧೂಳು ಹಿಡಿದು ಕೂತಿದ್ದ ಹಳೆಯ ಗಡಿಗೆಗಳು ಎಷ್ಟೋ ವರ್ಷದ ಮೇಲೆ ಒಂದು ಸಲ ಕಿಣಿಕಿಣಿ ಎಂದವು. ಆ ದಿನ ಮಾತ್ರ ಊಟ ಸೇರಲಿಲ್ಲ.

ಫೋಟೋ ಕೈಗೆ ಬಂದಾಗ ಬೆರಗಾದೆ. ಆಕಾಶ ನೀಲಿ, ನೀರು ಹಾಲು, ಗೋಡೆ ಹೊಳೆಯುವ ಬಿಳಿ. ಸ್ಟುಡಿಯೋದವರು ಹೆಮ್ಮೆಯಿಂದ ಹೇಳಿದರು: "ಅಮ್ಮ, ಗೋಡೆ ಮೇಲೆ ಎಣ್ಣೆ ಜಿಡ್ಡೆಲ್ಲ ಹಿಡ್ದಿತ್ತು. ನಿಮ್ಮ ಹಳೇ ಮಿಲ್ ಅಂದ್ರಲ್ಲ, ಹಾಗೇ ಕೊಡೋಕೆ ಮನಸ್ಸು ಬರ್ಲಿಲ್ಲ. ಕೂತು ಎಲ್ಲ ಕ್ಲೀನ್ ಮಾಡಿದ್ದೀನಿ."

ನನಗೆ ಖುಷಿಯೇ ಆಯಿತು. ಮಾವನವರ ಮನೆಯ ಸೊಸೆ ನಾನು. ಆ ಗೋಡೆ ಬಿಳಿಯಾಗಿರಬೇಕು ಎಂಬುದನ್ನು ಎಷ್ಟೋ ನವರಾತ್ರಿ ಕೇಳಿಸಿಕೊಂಡು ಬಂದವಳು. ಅಂತೂ ಯಾರೂ ಮುಟ್ಟದ ಹಾಗೆ ಮಿಲ್ಲಿಗೆ ಸುಣ್ಣವಾಯಿತಲ್ಲ ಎಂದುಕೊಂಡೆ. ಕಟ್ಟು ಹಾಕಿಸಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು ಕುದುರೆಮುಖಕ್ಕೆ ಹೋದೆ.

ಜೈನಾಬಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊಮ್ಮಕ್ಕಳು ಎರಡೂ ಕಡೆಯಿಂದ ಕತ್ತು ತೂರಿಸಿದವು. ಅವಳ ಬೆರಳು ಕಟ್ಟೆಯ ಮೇಲೆ ನಡೆಯಿತು, ಕಾಲುವೆಯ ಮೇಲೆ ನಡೆಯಿತು, ಬಾಗಿಲಿಗೆ ಬಂತು, ಬಾಗಿಲಿನ ಎಡಕ್ಕೆ ಹೋಯಿತು, ಅಲ್ಲಿ ನಿಂತಿತು. ಗಾಜನ್ನು ಸೆರಗಿನಿಂದ ಒರೆಸಿದಳು. ಮತ್ತೆ ನೋಡಿದಳು. ಆಮೇಲೆ ಮೆಲ್ಲಗೆ, ನನ್ನ ಮುಖ ನೋಡದೆ, "ಪೂಜೆಗೆ ಸುಣ್ಣ ಬಳ್ದ್ರಾ, ಅಮ್ಮಾ?" ಎಂದಳು.

ಅಲ್ಲಿಯವರೆಗೂ ನನಗೆ ತಿಳಿದಿರಲಿಲ್ಲ, ನೋಡಿ. ಹೊಳೆಯ ನಡುವೆ ನಿಂತು ಬಾಗಿಲು ಬಾಗಿಲು ಎಂದು ಅವಳು ಕೇಳಿದಾಗಲೂ ತಿಳಿದಿರಲಿಲ್ಲ. ಎಷ್ಟು ವರ್ಷ ನೋಡಿದ ಕಲೆ ಅದು! ನಮಗೆ ಅದು ಪ್ರತಿ ವರ್ಷ ಅಳಿಸಬೇಕಾದ ಕೊಳೆ, ಹಬ್ಬದ ಕೆಲಸಗಳಲ್ಲಿ ಒಂದು, ಮಾವನವರ ತಮಾಷೆಗೊಂದು ನೆಪ. ಅವಳಿಗೆ ಅದು ಮನುಷ್ಯ. ಒಂದೇ ಗೋಡೆಯನ್ನು ಒಂದೇ ಹೊಳೆಯ ಎರಡು ದಡದಿಂದ ನೋಡುತ್ತ ನಾವಿಬ್ಬರೂ ಮುದುಕಿಯರಾಗಿದ್ದೆವು. ಕೈಯಿರುವ ಗೋಡೆ ಅಲ್ಲಿ ಜೆಸಿಬಿಯ ಬಾಯಿಗೆ ಹೋಗಿತ್ತು, ಇಲ್ಲಿ ಕಂಪ್ಯೂಟರಿನ ಬಾಯಿಗೆ.

"ನೆಗೆಟಿವ್ ಉಂಟು, ಅದ್ರಲ್ಲಿ ಇರ್ತದೆ" ಎಂದೆ. ಧೈರ್ಯ ಬಾಯಲ್ಲಿ ಮಾತ್ರ. ಯಾಕೆಂದರೆ ನೆಗೆಟಿವನ್ನು ನಾನು ಎಲ್ಲಿಟ್ಟಿದ್ದೆ ಎಂದು ನೆನಪಿತ್ತು. ನಮ್ಮ ಕಡೆ ಯಾವ ವಸ್ತುವಿಗೇ ಆಗಲಿ ಬೂಷ್ಟು ಹಿಡಿಯಬಾರದೆಂದರೆ ಒಂದೇ ಉಪಾಯ, ಒಲೆಯ ಮೇಲಿನ ಅಟ್ಟ. ಒಣಮೀನು, ಪುನರ್ಪುಳಿ ಸಿಪ್ಪೆ, ಹಲಸಿನ ಹಪ್ಪಳ, ಮಕ್ಕಳ ಮಾರ್ಕ್ಸ್‌ ಕಾರ್ಡು ಎಲ್ಲ ಅಲ್ಲೇ. ಸ್ಟುಡಿಯೋದವರು ಕೊಟ್ಟ ನೆಗೆಟಿವಿನ ಕವರನ್ನೂ ಜೋಪಾನವಾಗಿರಲೆಂದು ಹಪ್ಪಳದ ಡಬ್ಬಿಯಲ್ಲಿ ಹಾಕಿ ಅಲ್ಲಿಗೇ ಏರಿಸಿದ್ದೆ.

ಬಸ್ಸಿಳಿದವಳು ಚಪ್ಪಲಿ ಬಿಡದೆ ಅಡುಗೆಮನೆಗೆ ಹೋದೆ. ಡಬ್ಬಿ ತೆಗೆದೆ. ಬೂಷ್ಟು ಇರಲಿಲ್ಲ. ಆದರೆ ನೆಗೆಟಿವ್ ಬೆಂಕಿಯ ಶಾಖಕ್ಕೆ ಹಪ್ಪಳಕ್ಕಿಂತ ಹೆಚ್ಚು ಸುರುಳಿ ಸುತ್ತಿಕೊಂಡು, ಅಂಚು ಕಂದಿ, ನಾಮಕರಣದ ಮಗು ಗುರುತೇ ಸಿಗದ ಹಾಗೆ ಆಗಿತ್ತು. ಕಿಟಕಿಗೆ ಹಿಡಿದು, ಸುರುಳಿಯನ್ನು ಎರಡು ಬೆರಳಿನಿಂದ ಬಿಡಿಸಿದೆ. ನೆಗೆಟಿವಿನಲ್ಲಿ ಎಲ್ಲವೂ ತಿರುವುಮುರುವು ಅಲ್ಲವೇ? ಬಿಳಿ ಗೋಡೆ ಕಪ್ಪಾಗಿತ್ತು, ಬಾಗಿಲ ಕತ್ತಲೆ ಬೆಳಕಾಗಿತ್ತು, ಆ ಬೆಳಕಿನ ಪಕ್ಕದಲ್ಲಿ, ಸಾಸಿವೆಯಷ್ಟು ಗಾತ್ರದಲ್ಲಿ, ಒಂದು ಬಿಳಿಯ ಕೈ.

ಸ್ಟುಡಿಯೋದವರಿಗೆ ಅದನ್ನು ಕೊಟ್ಟು, "ಈ ಸಲ ಏನೂ ಕ್ಲೀನ್ ಮಾಡ್ಬೇಡಿ" ಎಂದೆ. "ಕಲೆ ಹಾಗೇ ಬರ್ತದಲ್ಲ ಅಮ್ಮ?" ಎಂದರು. "ಕಲೆಯೊಂದು ಬಂದ್ರೆ ಸಾಕು, ಉಳಿದದ್ದು ಬರ್ದಿದ್ರೂ ಪರ್ವಾಗಿಲ್ಲ" ಎಂದೆ. ಅವರಿಗೆ ಏನನ್ನಿಸಿತೋ ಗೊತ್ತಿಲ್ಲ. ಕೊಟ್ಟದ್ದನ್ನು ಎರಡು ಗಾಜಿನ ನಡುವೆ ಒತ್ತಿ, ಸುರುಳಿ ಬಿಡಿಸಿ, ಇದ್ದುದನ್ನು ಇದ್ದ ಹಾಗೆ ದೊಡ್ಡದು ಮಾಡಿಕೊಟ್ಟರು. ಆಕಾಶ ಅಷ್ಟು ನೀಲಿಯಿರಲಿಲ್ಲ. ಒಂದು ಮೂಲೆ ಕಂದುಹೊಗೆ ಹಿಡಿದಂತಿತ್ತು. ಗೋಡೆಯ ತುಂಬ ಪಾಚಿ, ಮಳೆಯ ಗೆರೆ. ಬಾಗಿಲ ಎಡಗಡೆ ಐದು ಬೆರಳು.

ಮುಖದ ಫೋಟೋ ಇರಬೇಕೆಂದು ನಾವೆಲ್ಲ ಯಾಕೆ ಇಷ್ಟು ಹಂಬಲಿಸುತ್ತೇವೆ ಎಂದು ನಾನು ಆಗಾಗ ಯೋಚಿಸುತ್ತೇನೆ. ಕ್ಯಾಮೆರಾದ ಮುಂದೆ ನಿಂತ ಮುಖ ಯಾರ ಮುಖ? ಉಸಿರು ಹಿಡಿದು, ತಲೆ ಬಾಚಿ, ಇಲ್ಲದ ಗಾಂಭೀರ್ಯವನ್ನು ಕರೆಸಿಕೊಂಡ ಮುಖ. ನನ್ನ ಅತ್ತೆಯವರ ಫೋಟೋ ನಡುಮನೆಯಲ್ಲಿದೆ, ಅದರಲ್ಲಿ ಅವರು ಯಾರೋ ತಹಸೀಲ್ದಾರರ ಹೆಂಡತಿಯಂತೆ ಕಾಣುತ್ತಾರೆ. ನಿಜವಾದ ಅತ್ತೆ ಇರುವುದು ಒರಳುಕಲ್ಲಿನ ಅಂಚಿನಲ್ಲಿ, ಅವರು ಒಂದು ಕಾಲು ಮಡಿಸಿ ಒಂದು ಕಾಲು ಚಾಚಿ ಕೂತು ಕೂತು ನುಣುಪಾದ ನೆಲದ ತಗ್ಗಿನಲ್ಲಿ. ಹೊಳೆಯನ್ನೇ ನೋಡಿ. ನೀರಿನ ಫೋಟೋ ತೆಗೆದೆ ಎನ್ನುತ್ತೇವೆ, ತೆಗೆದ ನೀರು ಆಗಲೇ ಭದ್ರೆಗೆ ಹೋಗಿಯಾಗಿದೆ. ಹೊಳೆಯ ಚಹರೆ ಉಳಿಯುವುದು ಅದು ಸವೆಸಿದ ಕಲ್ಲಿನ ಮೇಲೆ. ಮನುಷ್ಯರೂ ಹಾಗೆಯೇ ಇರಬೇಕು. ಬದುಕಿದ್ದಷ್ಟು ದಿನ ಲೋಕಕ್ಕೆ ಎಲ್ಲೋ ಒಂದು ಕಡೆ ಒರಗಿ, ಅದನ್ನು ಉಜ್ಜಿ, ಸವೆಸಿ, ಕೊಳೆ ಮಾಡಿ ಹೋಗುತ್ತೇವೆ. ಹಿಂದಿನಿಂದ ಬಂದವರು ಒಳ್ಳೆಯ ಮನಸ್ಸಿನಿಂದಲೇ ಒರೆಸುತ್ತಾರೆ. ಮನೆ ಚೊಕ್ಕಟವಾಗುತ್ತದೆ. ಒರೆಸಿದ ಬಟ್ಟೆಯಲ್ಲಿ ಯಾರು ಹೋದರು ಎಂದು ಯಾರೂ ನೋಡುವುದಿಲ್ಲ.

ಅದಾದ ಕೆಲವೇ ವರ್ಷಕ್ಕೆ ಕುದುರೆಮುಖದ ಗಣಿಯೂ ನಿಂತಿತು. ಒಂದು ಊರಿಗೆ ಊರೇ ಗಂಟು ಕಟ್ಟಿತು. ಜೈನಾಬಿಯ ಮಗನ ಕ್ವಾರ್ಟರ್ಸು ಖಾಲಿ ಮಾಡುವ ದಿನ ನಾನು ಹೋಗಿದ್ದೆ. ಸಾಮಾನು ಎತ್ತಿದ ಮೇಲೆ ಗೋಡೆಗಳನ್ನು ನೋಡಬೇಕಿತ್ತು: ಮಕ್ಕಳು ಬೆಳೆದ ಎತ್ತರಕ್ಕೆ ಎಳೆದ ಗೆರೆಗಳು, ಒಲೆಯ ಹಿಂದೆ ಒಗ್ಗರಣೆ ಸಿಡಿದ ಗುರುತು, ಸ್ವಿಚ್ಚಿನ ಸುತ್ತ ಬೆರಳುಗಳ ಕಪ್ಪು. ಆ ಸಾಲಿನ ಎಲ್ಲ ಮನೆಗಳಲ್ಲೂ ಹೀಗೇ ಇದ್ದಿರಬೇಕು. ಯಾರು ಫೋಟೋ ತೆಗೆದರು ಅದನ್ನೆಲ್ಲ? ಜೈನಾಬಿ ಲಾರಿಯ ಮುಂದಿನ ಸೀಟಿನಲ್ಲಿ ಕೂತಳು, ತೊಡೆಯ ಮೇಲೆ ಸೀರೆಯಲ್ಲಿ ಸುತ್ತಿದ ಆ ಕಟ್ಟಿನ ಪಟ. ಘಟ್ಟದ ಕೆಳಗೆ ಹೋದವಳು ಮತ್ತೆ ಮೇಲೆ ಬರಲಿಲ್ಲ. ಈಗ ಅವಳೂ ಇಲ್ಲ. ಪಟ ಅವಳ ಸೊಸೆಯ ಮನೆಯಲ್ಲಿದೆಯಂತೆ. ಆ ಮಕ್ಕಳು ದೊಡ್ಡವರಾಗಿ, ಅವರ ಮಕ್ಕಳಿಗೆ ಬೆರಳಿಟ್ಟು, "ಇವ್ರು ಅಜ್ಜ" ಎಂದು ತೋರಿಸುತ್ತಾರಂತೆ.

ನನ್ನ ಗೋಡೆಯ ಮೇಲಿರುವುದು ಸುಣ್ಣ ಬಳಿದ ಪ್ರತಿ. ಅದರಲ್ಲಿ ಕೈ ಇಲ್ಲ. ಕಾಫಿಪುಡಿ ತೆಗೆಯಲು ಹೋದಾಗಲೆಲ್ಲ ಬಾಗಿಲ ಎಡಗಡೆಯ ಆ ಬಿಳಿ ಜಾಗಕ್ಕೆ ಕಣ್ಣು ಹೋಗುತ್ತದೆ, ಇಲ್ಲದ ಬೆರಳುಗಳನ್ನು ಒಂದೊಂದಾಗಿ ಎಣಿಸಿಕೊಂಡು ಬರುತ್ತದೆ. ಇವತ್ತು ಇಷ್ಟು ಬರೆಯುವ ಹೊತ್ತಿಗೆ ಈ ಫೋನಿನ ಗಾಜಿನ ಮೇಲೂ ನನ್ನ ಒಗ್ಗರಣೆಯ ಬೆರಳುಗಳು ಅಚ್ಚಾಗಿವೆ. ಮೊಮ್ಮಗಳು ಬಂದರೆ, "ಅಜ್ಜೀ, ಎಂಥ ಜಿಡ್ಡು ಮಾಡಿದ್ದೀ!" ಎಂದು ಬಟ್ಟೆ ತೆಗೆದುಕೊಳ್ಳುತ್ತಾಳೆ. ಒರೆಸಲಿ, ನಾಳೆ ಮತ್ತೆ ಆಗುತ್ತದೆ. ಆಗುವಷ್ಟು ದಿನ ಆಗುತ್ತದೆ.

ಆದರೆ ಜೈನಾಬಿಗೆ ಎರಡನೆಯ ಪಟವನ್ನು, ಕೈ ಇರುವುದನ್ನು, ಕೊಟ್ಟ ದಿನದ ಮಾತನ್ನು ನಿಮಗೆ ಹೇಳಬೇಕಿತ್ತು. ಕುದುರೆಮುಖದ ಅದೇ ಕಿಟಕಿ, ಅದೇ ಬೆಳಕು. ಜೈನಾಬಿಯ ಬೆರಳು ಈ ಸಲ ಕಟ್ಟೆ, ಕಾಲುವೆ ಎಂದು ಸುತ್ತಿ ಬರಲಿಲ್ಲ, ನೇರವಾಗಿ ಅಲ್ಲಿಗೇ ಹೋಯಿತು. ಗಾಜಿನ ಮೇಲೆ ತನ್ನ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ನನ್ನ ನಾಲಿಗೆಯ ಗುಣ ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು.

"ನೋಡು ಜೈನಾಬಿ," ಎಂದೆ, "ಜೀವಮಾನ ಪೂರ್ತಿ ತಪ್ಪಿಸ್ಕೊಂಡು ಓಡಾಡಿದ್ರು. ಕೊನೆಗೂ ಸಾಬ್ರು ನನ್ನ ಕ್ಯಾಮೆರಾಕ್ಕೆ ಸಿಕ್ಕಿಬಿದ್ರು."

ಅವಳು ಅಂಗೈ ಎತ್ತಿ, ಗೋಡೆಯ ಕೈಯನ್ನು ನೋಡಿದಳು, ಅದರ ಪಕ್ಕದಲ್ಲಿ ಬಾಗಿಲಿದ್ದ ಕಡೆ ನೆಟ್ಟಗೆ ನಿಂತ ಆ ಕತ್ತಲೆಯನ್ನು ನೋಡಿದಳು.

"ಎಲ್ಲಿ ಸಿಕ್ಕಿದ್ರಮ್ಮಾ?" ಎಂದಳು. "ಕೈ ಒರೆಸ್ಕೊಂಡು ಒಳಗೆ ಹೋಗಿದ್ದಾರೆ, ಅಷ್ಟೆ."